ಮಿಡತೆಯ ಎಡಗೈ

ಮುಖ ಮುಚ್ಚಿಬಿಟ್ಟರೆ ಆಳಿನ ಗುರುತು ಸಿಗುವುದಿಲ್ಲ ಎಂದು ಮೊದಲು ಹೇಳಿದ ಮಹಾನುಭಾವರು ಯಾರೋ ಗೊತ್ತಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಮನೆಯವರೆಲ್ಲ ಕುರುಡರಾಗುತ್ತಾರೆಯೇ? ಆದರೆ ಹೆಣ್ಣುಮಕ್ಕಳನ್ನು ಕಾಪಾಡುತ್ತೇವೆ ಎಂದು ಬೋರ್ಡು ಹಾಕಿಕೊಂಡ ಸಂಸ್ಥೆಯೊಂದು ಅದನ್ನೇ ನಂಬಿತ್ತು. ಅಲ್ಲಿ ಓಟ ಕಲಿಸುತ್ತಿದ್ದ ಪೀಪಿ ಟೀಚರೂ ನಂಬಿದ್ದಳು. ಕೊನೆಗೆ ಅವಳ ಹೊಟ್ಟೆ ಉರಿಸಿದ್ದು ಅದೇ.

ಪೀಪಿ ಟೀಚರ್ ಎಂಬುದು ಹುಡುಗಿಯರು ಇಟ್ಟ ಹೆಸರು. ಕೊರಳಲ್ಲಿ ಪೀಪಿ, ಮೂಗಿನ ತುದಿಯಲ್ಲಿ ಕೋಪ, ಎರಡೂ ಅವಳನ್ನು ಬಿಟ್ಟು ಇರುತ್ತಿರಲಿಲ್ಲ. ಸಂಸ್ಥೆಯ ವಾರ್ಷಿಕೋತ್ಸವದ ಹಿಂದಿನ ದಿನ ಬೆಳಿಗ್ಗೆ ಅವಳು ಮೈದಾನದಲ್ಲಿ ನಿಂತು ಗಿಣಿಗೆ ಬೈಯುತ್ತಿದ್ದಳು. ಎಲ್ಲರ ಮಾತು, ಎಲ್ಲರ ನಡಿಗೆ ಅಣಕಿಸುತ್ತಿದ್ದ ಹುಡುಗಿ ಅದು, ಅದಕ್ಕೇ ಗಿಣಿ. ಅಡುಗೆಯವಳ ಕುಂಟು, ವಾಚ್‌ಮನ್ನಿನ ಆಕಳಿಕೆ, ಸ್ವತಃ ಟೀಚರ್ ಸೊಂಟಕ್ಕೆ ಕೈ ಕೊಟ್ಟು ಗದರುವುದು, ಯಾವುದನ್ನೂ ಬಿಟ್ಟವಳಲ್ಲ. ಆ ದಿನ ತನ್ನ ಗೆಳತಿ ಮಿಡತೆಯ ಹಾಗೆ ಎಡಗೈಯನ್ನು ಎದೆಗೆ ಅಂಟಿಸಿಕೊಂಡು ಒಂದು ಸುತ್ತು ಓಡಿ ತೋರಿಸಿದ್ದಳು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಮಿಡತೆಯೂ ನಗುತ್ತಿದ್ದಳು. ಟೀಚರ್ ಮಾತ್ರ ನಗಲಿಲ್ಲ. ಇನ್ನೊಬ್ಬರ ಓಟ ಓಡಿದರೆ ನಿನ್ನ ಓಟ ಕೆಡುತ್ತೆ ಕಣೇ, ನಿನ್ನ ಕಾಲು ನಿನಗೇ ಮರೆತುಹೋಗುತ್ತೆ ಎಂದು ಗದರಿದಳು. ಅಷ್ಟರಲ್ಲಿ ವಾಚ್‌ಮನ್ ಬಂದು, ಆಫೀಸಿನಲ್ಲಿ ಯಾರೋ ಕಾಯುತ್ತಿದ್ದಾರೆ, ಮಿಡತೆಯ ದೊಡ್ಡಪ್ಪನಂತೆ ಎಂದ.

ಟೀಚರ್ ಗದರುವುದನ್ನು ಅಲ್ಲಿಗೇ ಬಿಟ್ಟು ಆಫೀಸಿನ ಕಡೆ ಹೊರಟಳು. ಆ ದೊಡ್ಡಪ್ಪನ ಕಣ್ಣಿಗೆ ಬೀಳಬಾರದೆಂದೇ ಮಿಡತೆಯನ್ನು ಅವಳಮ್ಮ ಇಲ್ಲಿಗೆ ತಂದು ಬಿಟ್ಟಿದ್ದು. ತಂದೆ ಇಲ್ಲದ ಹುಡುಗಿ. ತಾಯಿ ಒಂದು ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಮಡಿಸುವವಳು, ಭಾವನ, ಅಂದರೆ ಆ ದೊಡ್ಡಪ್ಪನ, ಮನೆಯ ಹಿಂದಿನ ಕೋಣೆಯಲ್ಲಿ ಬದುಕುವವಳು. ಆ ಭಾವ ಹುಡುಗಿಗೆ ಹದಿನಾಲ್ಕು ತುಂಬುವ ಮೊದಲೇ ತನ್ನ ವ್ಯಾಪಾರದ ಪಾಲುದಾರನಿಗೆ ಮಾತು ಕೊಟ್ಟಿದ್ದ. ಪಾಲುದಾರನಿಗೆ ಮದುವೆಯ ವಯಸ್ಸಿನ ಮಗನೇ ಇದ್ದ, ಆದರೆ ಮಾತು ಕೊಟ್ಟದ್ದು ಮಗನಿಗಲ್ಲ. ಶಾಲೆ ಬಿಡುವುದಿಲ್ಲ ಎಂದು ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತದ್ದಕ್ಕೆ ದೊಡ್ಡಪ್ಪ ಆ ಕೈಯನ್ನು ತಿರುಚಿ ಬಿಡಿಸಿದ. ಮೊಣಕೈ ಮುರಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಹೇಗಾಯಿತು ಎಂದು ಕೇಳುತ್ತಾರಲ್ಲ, ಹಾಗಾಗಿ ಮನೆಯಲ್ಲೇ ಬಟ್ಟೆ ಸುತ್ತಿದರು. ಮೂಳೆ ತನಗೆ ಬೇಕಾದ ಹಾಗೆ ಕೂಡಿಕೊಂಡಿತು. ಅಂದಿನಿಂದ ಆ ಕೈ ಪೂರ್ತಿ ನೀಳವಾಗುವುದಿಲ್ಲ.

ಆಫೀಸಿನಲ್ಲಿ ಕೂತಿದ್ದವನು ಮಾತಿಗೆ ಮುಂಚೆ ನಗುವ ಜಾತಿಯ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಒರೆಸಿದ ಚಪ್ಪಲಿ. ಟೀಚರನ್ನು ಕಂಡು ಎದ್ದು ನಿಂತು ಕೈ ಮುಗಿದ. ಅಜ್ಜಿಗೆ ಹುಷಾರಿಲ್ಲ, ಮೊಮ್ಮಗಳನ್ನು ಕೇಳುತ್ತಿದ್ದಾಳೆ, ಎರಡು ದಿನ ಕರೆದುಕೊಂಡು ಹೋಗಿ ಬಿಡುತ್ತೇನೆ ಎಂದ. ಇಲ್ಲಿ ಅಂಥ ಹುಡುಗಿ ಯಾರೂ ಇಲ್ಲ ಎಂದು ಟೀಚರ್ ಮುಖ ಗಂಟಿಕ್ಕಿದಳು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಜೇಬಿನಿಂದ ಫೋನು ತೆಗೆದು ಮೇಜಿನ ಮೇಲೆ ಇಟ್ಟ. ಸಂಸ್ಥೆಯದೇ ವಿಡಿಯೋ. ಕೆಂಪು ಮಣ್ಣಿನ ಟ್ರ್ಯಾಕಿನಲ್ಲಿ ಒಬ್ಬ ಹುಡುಗಿ ಓಡುತ್ತಿದ್ದಳು, ಮುಖದ ಜಾಗದಲ್ಲಿ ಮಬ್ಬು ಚುಕ್ಕೆ.

"ಮುಖ ಅಳಿಸಿದೀರಿ. ಒಳ್ಳೇದು ಮಾಡಿದಿರಿ ತಂಗಿ, ಹೆಣ್ಣುಮಗು ನೋಡಿ," ಎಂದ. "ಆದ್ರೆ ಈ ಎಡಗೈ ನೋಡಿ, ಕಂಕುಳಲ್ಲಿ ಏನೋ ಕದ್ದು ಓಡೋ ಹಾಗೆ. ಇಂಥ ಕೈ ಲೋಕದಲ್ಲಿ ಒಂದೇ. ಇದು ನಮ್ಮನೆ ಕೈ."

ಅಲ್ಲವೇ ಮತ್ತೆ? ಕೈ ಮುರಿದವನಿಗೇ ಆ ಕೈಯ ಗುರುತು ಸಿಗದೆ ಇನ್ಯಾರಿಗೆ ಸಿಗಬೇಕು? ಟೀಚರ್ ಬಾಗಿಲು ತೆರೆದು ಹಿಡಿದಳು. ತಾಯಿ ಬಂದು ಹೇಳದೆ ಈ ಗೇಟಿನಿಂದ ಹುಡುಗಿಯ ನೆರಳೂ ಆಚೆ ಹೋಗುವುದಿಲ್ಲ ಎಂದಳು. ಅವಳಮ್ಮ ಇರುವುದು ನನ್ನ ಮನೆಯಲ್ಲಿ ಎಂದು ಅವನು ನೆನಪಿಸಿದ. ನಾಳೆ ಇಲ್ಲಿ ದೊಡ್ಡ ಸಮಾರಂಭವಂತೆ, ದೊಡ್ಡ ದೊಡ್ಡವರು ಬರುತ್ತಾರಂತೆ, ನಾವೂ ಮನೆಮಂದಿ ಒಂದಿಪ್ಪತ್ತು ಜನ ಬಂದು ಗೇಟಿನ ಮುಂದೆ ಕೂರಬೇಕಾಗುತ್ತದೆ ಎಂದು, ಅಷ್ಟನ್ನೂ ನಗುತ್ತಲೇ ಹೇಳಿದ. ಆಮೇಲೆ ಹೊರಟ. ಕಿಟಕಿಯ ಹೊರಗೆ ಗಿಣಿ ಕಿವಿ ಕೊಟ್ಟುಕೊಂಡು ನಿಂತದ್ದನ್ನು ಇಬ್ಬರೂ ನೋಡಲಿಲ್ಲ.

ಟೀಚರ್ ಪೊಲೀಸ್ ಠಾಣೆಗೆ ಫೋನು ಮಾಡಿದಳು. ಎತ್ತಿಕೊಂಡವನು ತಾಳ್ಮೆಯಿಂದ ಕೇಳಿಸಿಕೊಂಡು, ಸ್ವಂತ ದೊಡ್ಡಪ್ಪ ತಾನೇ, ಮನೆ ಜಗಳಕ್ಕೆಲ್ಲ ನಾವು ಬರಲಾಗುವುದಿಲ್ಲ, ಏನಾದರೂ ಆದರೆ ಹೇಳಿ ಎಂದ. ಏನಾದರೂ ಆದ ಮೇಲೆ ಹೇಳುವುದಕ್ಕೆ ಏನು ಉಳಿದಿರುತ್ತದೆ? ಫೋನು ಕುಕ್ಕಿದಳು.

ಇನ್ನು ಆ ವಿಡಿಯೋದ ವಿಷಯ. ಸಂಸ್ಥೆ ಕಟ್ಟಿದವಳು ದೊಡ್ಡ ಓಟಗಾರ್ತಿ. ಒಂದು ಕಾಲದಲ್ಲಿ ದೇಶಕ್ಕೆ ಚಿನ್ನ ತಂದವಳು. ಈಗ ತಲೆಗೆ ಬಣ್ಣ ಹಚ್ಚುವ ವಯಸ್ಸು, ಆದರೂ ಪತ್ರಿಕೆಯವರ ಬಾಯಲ್ಲಿ ಇನ್ನೂ ಚಿನ್ನದ ಹುಡುಗಿ. ಸಂಸ್ಥೆಯ ಹುಡುಗಿಯರು ಕರೆಯುವುದು ದೊಡ್ಡಕ್ಕ ಎಂದು. ಪೀಪಿ ಟೀಚರ್ ಅವಳ ಜೊತೆ ರಿಲೇ ಓಡಿದವಳು. ಮೂರನೆಯ ಓಟ ಟೀಚರಿನದು, ಕೊನೆಯದು ದೊಡ್ಡಕ್ಕನದು. ಕೋಲು ಕೊಟ್ಟವರ ಫೋಟೋ ಯಾರು ಹಾಕುತ್ತಾರೆ, ಗೆರೆ ದಾಟಿದವರದ್ದು ತಾನೇ ಹಾಕುವುದು. ಅದರ ಬಗ್ಗೆ ಟೀಚರಿಗೆ ಎಂದೂ ಹೊಟ್ಟೆಕಿಚ್ಚು ಇರಲಿಲ್ಲ. ದೊಡ್ಡಕ್ಕ ಈ ಸಂಸ್ಥೆ ಶುರು ಮಾಡಿದಾಗ, ಕರೆಯುವುದಕ್ಕೂ ಕಾಯದೆ ಬಂದು ಸೇರಿದ್ದಳು. ಹುಡುಗಿಯರಿಗೆ ಊಟ, ಶಾಲೆ, ಓಟ, ಮತ್ತೆ ರಾತ್ರಿ ಬಾಗಿಲಿಗೆ ಒಳಗಿನ ಚಿಲಕ. ಒಳ್ಳೆಯ ಕೆಲಸ. ಸುಳ್ಳು ಹೇಳಬಾರದು, ನಿಜವಾಗಿಯೂ ಒಳ್ಳೆಯ ಕೆಲಸ.

ಮೊದಲು ಅಲ್ಲಿ ಒಂದು ನಿಯಮವಿತ್ತು. ಹುಡುಗಿಯರ ಫೋಟೋ ಇಲ್ಲ, ವಿಡಿಯೋ ಇಲ್ಲ. ಆಮೇಲೆ ವಿಡಿಯೋದವನು ಬಂದ. ತೋರಿಸದೆ ದುಡ್ಡು ಕೊಡುವವರು ಯಾರು ಎಂದ. ಮುಖ ಮಬ್ಬು ಮಾಡೋಣ ಎಂದ. ಟೀಚರ್ ತಿಂಗಳುಗಟ್ಟಲೆ ಜಗಳವಾಡಿ, ಕೊನೆಗೆ ತಾನು ನೋಡಿ ಸರಿ ಎಂದರೆ ಮಾತ್ರ ಆಚೆ ಹೋಗಬೇಕು ಎಂಬ ಷರತ್ತಿಗೆ ಒಪ್ಪಿದಳು. ವಿಡಿಯೋ ತಂದು ತೋರಿಸಿದರು. ದೊಡ್ಡಕ್ಕನೂ ಟೀಚರೂ ಪಕ್ಕಪಕ್ಕ ಕೂತು ನೋಡಿದರು. ಬೆಳಗಿನ ಮಂಜಿನಲ್ಲಿ ಮೈದಾನದ ಆ ತುದಿಯಲ್ಲಿ ಓಡುವ ಹುಡುಗಿ ಯಾರೆಂದು ಈ ತುದಿಯಿಂದ ಹೆಜ್ಜೆ ನೋಡಿಯೇ ಹೇಳಬಲ್ಲವರು ಇಬ್ಬರೂ. ಹುಡುಗಿಯರ ಮುಖಕ್ಕಿಂತ ಕಾಲು ಅವರಿಗೆ ಹೆಚ್ಚು ಪರಿಚಯ. ಅಂಥವರು ನೋಡಿದ್ದೇನು? ತಿರುವಿನಲ್ಲಿ ಮಿಡತೆ ಹೇಗೆ ಒಳಗೆ ವಾಲುತ್ತಾಳೆ, ಕೊನೆಯ ನೂರು ಮೀಟರಿನಲ್ಲಿ ಹೆಜ್ಜೆ ಹೇಗೆ ಉದ್ದವಾಗುತ್ತದೆ. ಆ ಮುದುಡಿದ ಕೈಯೇ ಅವಳ ತೂಕ ಹಿಡಿದಿರುವುದು, ಅದನ್ನು ತಿದ್ದಲು ಹೋಗಬಾರದು ಎಂದು ಮಾತಾಡಿಕೊಂಡರು. ಎಷ್ಟು ಚೆಂದ ಓಡ್ತಾಳೆ ಕಣೇ ಎಂದಳು ದೊಡ್ಡಕ್ಕ. ಮುಖ ಕಾಣಲ್ಲ, ಸರಿ ಎಂದಳು ಟೀಚರ್. ಓಟ ಬಲ್ಲವರು ಓಟ ನೋಡುತ್ತಾ ಹುಡುಗಿಯನ್ನೇ ಮರೆತರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಆ ದಿನ ಮಧ್ಯಾಹ್ನ ದೊಡ್ಡಕ್ಕ ಬಂದಾಗ ಟೀಚರ್ ಎಲ್ಲ ಹೇಳಿದಳು. ಆದರೆ ದೊಡ್ಡಕ್ಕನಿಗೆ ವಿಷಯ ಆಗಲೇ ಗೊತ್ತಿತ್ತು. ದೊಡ್ಡಪ್ಪ ನೇರವಾಗಿ ಅವಳ ಮನೆಗೇ ಹೋಗಿದ್ದನಂತೆ. ಇಬ್ಬರೂ ಕೂತು ಕಾಫಿ ಕುಡಿದು ಮಾತಾಡಿದ್ದರಂತೆ. ಅಷ್ಟೇನೂ ಕೆಟ್ಟ ಮನುಷ್ಯ ಅಲ್ಲ, ಹಳೆ ಕಾಲದವನು ಎಂದಳು. ನಾಳೆ ಅವನು ಸಮಾರಂಭಕ್ಕೆ ಬರುತ್ತಾನೆ, ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಮಿಡತೆ ಓಡುವುದನ್ನು ನೋಡುತ್ತಾನೆ. ಆಮೇಲೆ ವೇದಿಕೆಗೆ ಬಂದು ತನ್ನ ಕೈಯಾರೆ ಅವಳ ಕೊರಳಿಗೆ ಪದಕ ಹಾಕುತ್ತಾನೆ. ಅಜ್ಜಿಯನ್ನು ನೋಡಿಕೊಂಡು ಬರಲಿ ಎಂದು ಎರಡು ದಿನ ಕಳಿಸೋಣ, ನಮ್ಮವರೊಬ್ಬರು ಜೊತೆಗೆ ಹೋಗುತ್ತಾರೆ. ವಿಡಿಯೋದವನಿಗೂ ಹೇಳಿಯಾಗಿತ್ತಂತೆ.

ಟೀಚರ್ ಬಾಯಿ ಬಿಟ್ಟಳು. ಬಿಟ್ಟ ಮೇಲೆ ಮುಚ್ಚಲಿಲ್ಲ. ಕೈ ಮುರಿದವನ ಕೈಯಲ್ಲಿ ಪದಕ ಹಾಕಿಸುತ್ತೀಯಾ, ನಿನಗೆ ಬುದ್ಧಿ ನೆಟ್ಟಗಿದೆಯಾ ಎಂದಳು. ಎರಡು ದಿನ ಎಂದು ಹೋದವಳು ಮೂರನೆಯ ದಿನ ಆ ಪಾಲುದಾರನ ಮನೆಯಲ್ಲಿರುತ್ತಾಳೆ, ಮುಂದಿನ ತಿಂಗಳ ಪರೀಕ್ಷೆಯನ್ನು ನೀನು ಹೋಗಿ ಬರೀತೀಯಾ ಎಂದಳು. ಇನ್ನೂ ಏನೇನೋ ಅಂದಳು, ಅದೆಲ್ಲ ಬರೆಯುವಂಥದ್ದಲ್ಲ.

ದೊಡ್ಡಕ್ಕ ಸಿಟ್ಟಾಗಲಿಲ್ಲ. ಅವಳ ಮುಖದಲ್ಲಿ ಭಾಷಣದ ದಿನಗಳ ಹೊಳಪು ಬಂತು. "ನಮ್ಮಪ್ಪನೂ ಹೀಗೇ ಇದ್ದ ಕಣೇ. ನನ್ನ ಬೂಟು ಒಲೆಗೆ ಹಾಕಿದವನು ಅವನು. ಕೊನೆಗೆ ಏನಾಯ್ತು ಹೇಳು? ಪದಕ ಹಾಕಿದಾಗ ಸ್ಟೇಡಿಯಮ್ಮಲ್ಲಿ ನಿಂತು ಮಗು ಥರ ಅತ್ತುಬಿಟ್ಟ. ಇವನೂ ಒಂದು ಸಲ ಕಣ್ಣಾರೆ ನೋಡ್ಲಿ. ಕಲ್ಲೂ ಕರಗುತ್ತೆ."

ಈ ಕಥೆಯನ್ನು ಅವಳು ಪ್ರತಿ ಸಮಾರಂಭದಲ್ಲೂ ಹೇಳುತ್ತಾಳೆ. ಕೇಳಿದವರು ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಾರೆ. ಟೀಚರೂ ಎಷ್ಟೋ ಸಲ ಹಿಂದಿನ ಸಾಲಿನಲ್ಲಿ ನಿಂತು ಕೇಳಿ, ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿದ್ದಳು. ಆ ಬೀಗ ಆ ದಿನ ಕಿತ್ತುಬಂತು.

"ನಿಮ್ಮಪ್ಪ ಅತ್ತಿದ್ದು ನಿಜ. ನಾನು ಪಕ್ಕದಲ್ಲೇ ಇದ್ದೆ," ಎಂದಳು. "ಆದ್ರೆ ಪದಕ ತಂದವಳು ನೀನೊಬ್ಬಳು, ಆ ಮನೇಲಿ ಹೆಣ್ಣುಮಕ್ಕಳು ಇಬ್ಬರಿದ್ರು. ಅದೇ ವರ್ಷ ನಿನ್ನ ತಂಗೀನ ಶಾಲೆ ಬಿಡಿಸಿ ಮದುವೆ ಮಾಡಿ ಕೊಟ್ಟುಬಿಟ್ಟ. ಅವಳಿಗೆ ಓಡೋಕೆ ಬರ್ತಿರಲಿಲ್ಲ, ಅಷ್ಟೇ ಅವಳ ತಪ್ಪು. ಕಲ್ಲು ಕರಗಿತಂತೆ."

ದೊಡ್ಡಕ್ಕನ ಮುಖದ ಹೊಳಪು ಹೋಯಿತು, ಆದರೆ ಹಠ ಹೋಗಲಿಲ್ಲ. ತಂಗಿಯ ಹೆಸರೆತ್ತಬೇಡ ಎಂದಳು. ನಾಳೆ ರಾಷ್ಟ್ರೀಯ ತರಬೇತಿ ಶಾಲೆಯವರು ಆಯ್ಕೆಗೆ ಬರುತ್ತಿದ್ದಾರೆ, ಅವರು ನೋಡಬೇಕಾದದ್ದು ಮಿಡತೆಯನ್ನೇ, ಅವಳು ಓಡುತ್ತಾಳೆ, ಅವನು ಪದಕ ಹಾಕುತ್ತಾನೆ, ಇದು ನನ್ನ ಸಂಸ್ಥೆ ಎಂದಳು. ಟೀಚರ್ ಎದ್ದು ಬಂದಳು. ಇಪ್ಪತ್ತೈದು ವರ್ಷದ ಗೆಳೆತನ ಆ ಕೋಣೆಯ ಕುರ್ಚಿಯಲ್ಲೇ ಕೂತುಕೊಂಡಿತು.

ಹಾಸ್ಟೆಲಿನ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಿಡತೆ ಕುಕ್ಕರುಗಾಲಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತನ್ನ ಓಟದ ಬೂಟು ತಿಕ್ಕುತ್ತಿದ್ದಳು. ನಾಳೆಗೆ ಬೆಳ್ಳಗಿರಬೇಕಲ್ಲ. ತರಬೇತಿ ಶಾಲೆಯವರು ಬರುತ್ತಾರೆ ಎಂದು ತಿಳಿದ ದಿನದಿಂದ ಅವಳು ಅನ್ನ ತಿನ್ನುವಾಗಲೂ ಕಾಲು ಕುಣಿಸುತ್ತಿದ್ದಳು. ಟೀಚರ್ ಪಕ್ಕದಲ್ಲಿ ಕೂತು ಏನನ್ನೂ ಮುಚ್ಚಿಡದೆ ಹೇಳಿದಳು. ವಿಡಿಯೋ ಸರಿ ಎಂದದ್ದು ತಾನೇ ಎಂಬುದನ್ನೂ ಹೇಳಿದಳು. ಸಮಾರಂಭಕ್ಕೆ ಮುಂಚೆ ಇಲ್ಲಿಂದ ಹೊರಟುಬಿಡಬೇಕು ಎಂದಳು. ತನ್ನ ನಾದಿನಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು, ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಮನೆ, ಗೇಟಿಗೆ ಹಗಲೂ ರಾತ್ರಿ ಕಾವಲು. ಪರೀಕ್ಷೆಗೆ ತಾನೇ ಬಂದು ಕರೆದೊಯ್ಯುತ್ತೇನೆ ಎಂದಳು.

ಮಿಡತೆ ಬ್ರಷ್ಷು ಕೆಳಗಿಟ್ಟಳು. ಅತ್ತರೆ ಸಮಾಧಾನ ಮಾಡಬಹುದು ಎಂದು ಟೀಚರ್ ಕಾಯುತ್ತಿದ್ದಳು. ಹುಡುಗಿ ಅಳಲಿಲ್ಲ, ಕೈಯಲ್ಲಿದ್ದ ಬೂಟನ್ನು ಎತ್ತಿ ಗೋಡೆಗೆ ಬೀಸಿ ಒಗೆದಳು. ನೊರೆ ಗೋಡೆಯ ತುಂಬ ಹಾರಿತು.

"ಕೈ ಮುರಿದಿದ್ದು ಅವರು. ವಿಡಿಯೋ ಮಾಡಿದ್ದು ನೀವು. ಬಚ್ಚಿಟ್ಕೊಳ್ಳೋಳು ನಾನಾ?" ಎಂದಳು.

ಎರಡು ವರ್ಷದಿಂದ ನಸುಕಿಗೆದ್ದು ಓಡಿದ್ದು ನಾಳೆಯ ಒಂದು ಸುತ್ತಿಗಾಗಿ, ಆ ಸುತ್ತು ಅವಳ ಕೈತಪ್ಪಿ ಹೋಯಿತು. ಯಾರ ತಪ್ಪಿಗೂ ದಂಡ ಕಟ್ಟುವವಳು ಹುಡುಗಿಯೇ. ಸ್ವಲ್ಪ ಹೊತ್ತಾದ ಮೇಲೆ ಮಿಡತೆಯೇ ಹೋಗಿ ಬೂಟು ಎತ್ತಿಕೊಂಡು ಬಂದಳು. ನಾಳೆ ನಾನಿಲ್ಲ ಅಂತ ಗೊತ್ತಾದ ತಕ್ಷಣ ಅವರು ಅಮ್ಮನ ಹತ್ತಿರ ಹೋಗುತ್ತಾರೆ, ಬಸ್ ಸ್ಟ್ಯಾಂಡಿಗೂ ಹೋಗುತ್ತಾರೆ, ನಾವು ದೂರ ಮುಟ್ಟುವ ತನಕ ಅವರಿಗೆ ಗೊತ್ತಾಗಬಾರದು ಎಂದಳು. ಹದಿನಾರರ ಹುಡುಗಿ ಇಷ್ಟೆಲ್ಲ ಯೋಚಿಸಬೇಕಲ್ಲ.

"ಅವಳ ಓಟ ನಾನು ಓಡ್ತೀನಿ," ಎಂದು ಹಿಂದಿನಿಂದ ದನಿ ಬಂತು. ಒಣಹಾಕಿದ ಚಾದರದ ಮರೆಯಲ್ಲಿ ಗಿಣಿ ನಿಂತಿದ್ದಳು. ಬೇರೆ ದಿನವಾಗಿದ್ದರೆ ಕದ್ದು ಕೇಳಿದ್ದಕ್ಕೆ ಎರಡು ಬೀಳುತ್ತಿತ್ತು. ಆ ದಿನ ಟೀಚರ್, ಕೈಯನ್ನು ಇನ್ನೂ ಸ್ವಲ್ಪ ಮೇಲೆ ಹಿಡೀಬೇಕು, ತೋರಿಸು ಎಂದಳು.

ಅದು ಸಾಧ್ಯವಾದದ್ದು ವಿಡಿಯೋದವನ ಕೃಪೆಯಿಂದಲೇ. ಕ್ಯಾಮರಾಗಳು ಬರುತ್ತವೆ ಎಂದು ಅವನು ಎಲ್ಲ ಹುಡುಗಿಯರಿಗೂ ಸಂಸ್ಥೆಯ ಗುರುತಿರುವ ಬಿಳಿ ಮುಖವಸ್ತ್ರ, ಬಿಳಿ ಟೊಪ್ಪಿ ಹೊಲಿಸಿದ್ದ. ಕಣ್ಣು ಬಿಟ್ಟು ಏನೂ ಕಾಣುವುದಿಲ್ಲ. ಎಂಟು ಹುಡುಗಿಯರು ನಿಂತರೆ ಒಂದೇ ಅಚ್ಚಿನಲ್ಲಿ ತೆಗೆದ ಎಂಟು ಗೊಂಬೆಗಳು. ಇರಲಿ, ಒಂದು ಸಲವಾದರೂ ಅವನ ಬುದ್ಧಿ ಕೆಲಸಕ್ಕೆ ಬಂತು.

ಟೀಚರ್ ಹೇಳಿಕಳಿಸಿದ್ದರಿಂದ ನಸುಕಿನಲ್ಲಿ ತಾಯಿ ರಾತ್ರಿ ಪಾಳಿ ಮುಗಿಸಿ ಲಾಂಡ್ರಿಯಿಂದ ನೇರವಾಗಿ ಬಂದಳು. ಕೈಬೆರಳೆಲ್ಲ ಸೋಡಾ ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. ಮನೆಗೆ ಹೋಗಿ ಬಟ್ಟೆಬರೆ ತರುತ್ತೀಯಾ ಎಂದು ಟೀಚರ್ ಕೇಳಿದ್ದಕ್ಕೆ, ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಇವಳೊಬ್ಬಳೇ ಎಂದಳು. ಅದನ್ನು ದುಃಖದಿಂದ ಹೇಳಲಿಲ್ಲ, ಹಲ್ಲು ಕಚ್ಚಿ ಹೇಳಿದಳು. ಗೇಟಿನ ಹತ್ತಿರ ಮಿಡತೆ ತನ್ನ ನಂಬರಿನ ಚೀಟಿಯನ್ನು ಗಿಣಿಯ ಬೆನ್ನಿಗೆ ಪಿನ್ನು ಹಾಕಿ ಸಿಕ್ಕಿಸಿದಳು. ಚೆನ್ನಾಗಿ ಓಡು, ನನ್ನ ಮಾನ ಕಳೀಬೇಡ ಎಂದಳು. ನಿನ್ನಷ್ಟು ಜೋರಾಗಿ ಓಡೋಕೆ ನನಗೇನು ಹುಚ್ಚಾ ಎಂದಳು ಗಿಣಿ. ವಾಚ್‌ಮನ್ ಬೇಕೆಂದೇ ಆಕಳಿಸಿ ಆ ಕಡೆ ತಿರುಗಿಕೊಂಡ.

ಸಮಾರಂಭ ಶುರುವಾಯಿತು. ಶಾಮಿಯಾನ, ಹೂಕುಂಡ, ಕುರ್ಚಿಗಳಿಗೆ ಬಿಳಿ ಬಟ್ಟೆ. ದೊಡ್ಡಪ್ಪ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಟೀಚರ್ ಗೆರೆಯ ಹತ್ತಿರ ನಿಂತಿದ್ದಳು. ಪೀಪಿ ಊದಿದಳು. ಎಂಟು ಬಿಳಿ ಟೊಪ್ಪಿಗಳು ಹೊರಟವು. ದೊಡ್ಡಪ್ಪ ಎದ್ದು ನಿಂತು ಫೋನು ಹಿಡಿದ. ಆ ಎಡಗೈ ನೋಡಿ, ನಮ್ಮ ಮಗು ಅದು, ನಾನೇ ಎತ್ತಿ ಆಡಿಸಿದ್ದು ಎಂದು ಪಕ್ಕದ ಕುರ್ಚಿಯವರಿಗೆ ಹೇಳುತ್ತಿದ್ದ.

ವೇದಿಕೆಯ ಮೇಲೆ ದೊಡ್ಡಕ್ಕ ಮೈಕು ಹಿಡಿದು ಅದೇ ಕಥೆ ಹೇಳುತ್ತಿದ್ದಳು. ಒಲೆಗೆ ಬಿದ್ದ ಬೂಟು, ಸ್ಟೇಡಿಯಮ್ಮು, ಅಪ್ಪನ ಕಣ್ಣೀರು. ಕಲ್ಲೂ ಕರ... ಎನ್ನುವಲ್ಲಿಗೆ ಮಾತು ನಿಂತುಹೋಯಿತು. ಅವಳ ಕಣ್ಣು ಟ್ರ್ಯಾಕಿನ ಮೇಲಿತ್ತು. ಕೈ ಮಿಡತೆಯದೇ, ನಂಬರು ಮಿಡತೆಯದೇ. ಆದರೆ ಕಾಲು? ಮಿಡತೆಯ ಹಿಮ್ಮಡಿ ನೆಲ ಮುಟ್ಟುವುದೇ ಇಲ್ಲ. ಈ ಕಾಲು ದಬದಬ ಎಂದು ನೆಲ ಬಡಿಯುತ್ತಿತ್ತು. ದೇಶಕ್ಕೆ ಚಿನ್ನ ತಂದವಳಿಗೆ ಹತ್ತು ಹೆಜ್ಜೆ ಸಾಕಾಗಿತ್ತು.

ಅವಳು ತಿರುಗಿ ಟೀಚರನ್ನು ನೋಡಿದಳು. ಟೀಚರ್ ಕಣ್ಣು ತಗ್ಗಿಸಲಿಲ್ಲ. ಮಿಡತೆಯ ಬಸ್ಸು ಇನ್ನೂ ನಾದಿನಿಯ ಊರು ಮುಟ್ಟಿರಲಿಕ್ಕಿಲ್ಲ, ದೊಡ್ಡಕ್ಕ ಈಗ ಒಂದು ಮಾತಾಡಿದರೆ ಎಲ್ಲ ಮಣ್ಣುಪಾಲು. ಮೈಕು ಕೀರಲು ದನಿ ತೆಗೆಯಿತು. ಜನ ಕಾಯುತ್ತಿದ್ದರು.

ದೊಡ್ಡಕ್ಕ ಮೈಕನ್ನು ಬಾಯಿಯ ಹತ್ತಿರ ತಂದಳು. "ಅವಳೇ. ಆ ಎಡಗೈ ಹುಡುಗಿ, ಅವಳೇ. ಚಪ್ಪಾಳೆ ತಟ್ಟಿ," ಎಂದಳು. ಕಥೆಯನ್ನು ಮಾತ್ರ ಮುಂದುವರಿಸಲಿಲ್ಲ.

ಗಿಣಿ ಕೊನೆಯಿಂದ ಎರಡನೆಯವಳಾಗಿ ಗೆರೆ ದಾಟಿದಳು. ತರಬೇತಿ ಶಾಲೆಯವರು ಮುಖ ಮುಖ ನೋಡಿಕೊಂಡರು. ದೊಡ್ಡಪ್ಪನಿಗೆ ಅದೆಲ್ಲ ಯಾಕೆ, ಅವನು ಆಗಲೇ ವೇದಿಕೆ ಹತ್ತಿದ್ದ. ಸೋತರೇನು, ನಮಗೆ ನಮ್ಮ ಮಗಳು ಸಿಕ್ಕಳಲ್ಲ ಎಂದು ಮೈಕಿನಲ್ಲಿ ಹೇಳಿ ನಗಿಸಿದ. ಆಮೇಲೆ ಇನ್ನೊಬ್ಬರು ಭಾಷಣ ಮಾಡಿದರು, ಮತ್ತೊಬ್ಬರು ಮಾಡಿದರು. ದೊಡ್ಡಕ್ಕ, ಯಾವತ್ತೂ ಭಾಷಣ ಮೊಟಕು ಮಾಡಿ ಎಂದು ಚೀಟಿ ಕಳಿಸುವವಳು, ಅಂದು ಒಬ್ಬೊಬ್ಬರನ್ನೂ ಇನ್ನೂ ಎರಡು ಮಾತಾಡಿ ಎಂದು ಉಪಚಾರ ಮಾಡಿದಳು. ಬಿಸಿಲು ನೆತ್ತಿಗೇರಿತು. ಕೊನೆಗೆ, ಓಡಿದವರಿಗೆಲ್ಲ ಕೊಡುವ ಪದಕದ ತಟ್ಟೆ ಬಂತು. ಗಿಣಿ ಎಡಗೈ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿ ಬಂದು ತಲೆ ತಗ್ಗಿಸಿದಳು. ದೊಡ್ಡಪ್ಪ ಪದಕ ಹಾಕಿ, ಆ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಇನ್ನು ಬಿಡುವ ಅಂದಾಜೇ ಇರಲಿಲ್ಲ.

ಆಗ ಗಿಣಿ ಮುಖವಸ್ತ್ರ ಎಳೆದು ಕೆಳಗೆ ಹಾಕಿದಳು. ಹಿಡಿದ ಕೈಯನ್ನು ಬಿಡಿಸಿಕೊಂಡು, ಕಡ್ಡಿಯ ಹಾಗೆ ನೆಟ್ಟಗೆ ಚಾಚಿ, ಅವನದೇ ದನಿಯಲ್ಲಿ, ಅವನದೇ ನಗುವಿನಲ್ಲಿ, "ಇಂಥ ಕೈ ಲೋಕದಲ್ಲಿ ಒಂದೇ. ಅಲ್ವಾ ದೊಡ್ಡಪ್ಪ?" ಎಂದಳು.

ನಗು ಎಂಬುದು ಆ ಮನುಷ್ಯನ ಮುಖದಿಂದ ಅಷ್ಟು ಬೇಗ ಹೋಗಬಹುದೆಂದು ಯಾರೂ ಅಂದುಕೊಂಡಿರಲಿಲ್ಲ. ಹೂಕುಂಡ, ಕ್ಯಾಮರಾ, ದೊಡ್ಡವರು ಯಾವುದೂ ಅವನಿಗೆ ಕಾಣಲಿಲ್ಲ. ಕೈ ಎತ್ತಿದ. ಆ ಕೈ ಇಳಿಯುವ ಮೊದಲು ದೊಡ್ಡಕ್ಕ ಅವನ ಮಣಿಕಟ್ಟು ಹಿಡಿದಿದ್ದಳು. ಹಿಡಿದು, ಕೆಳಗಿನವರಿಗೆಲ್ಲ ಕಾಣುವಷ್ಟು ಹೊತ್ತು ಹಾಗೇ ಮೇಲೆ ನಿಲ್ಲಿಸಿದಳು. ಮುಂದಿನ ಸಾಲಿನ ಗಲಾಟೆ, ಅವನ ಬೈಗುಳ, ಅವನನ್ನು ಗೇಟಿನಾಚೆ ನೂಕಿದ್ದು ಎಲ್ಲ ಆಮೇಲೆ ಆಯಿತು. ನೋಡ್ಕೊತೀನಿ, ಎಲ್ಲಿದ್ರೂ ಹುಡುಕ್ತೀನಿ ಎಂದು ಅವನು ಫೋನು ಎತ್ತಿ ತೋರಿಸುತ್ತಾ ಹೋದ.

ಸಂಜೆ ಶಾಮಿಯಾನ ಬಿಚ್ಚುತ್ತಿದ್ದರು. ಟೀಚರ್ ಗೆರೆಯ ಸುಣ್ಣದ ಮೇಲೆ ಬಿದ್ದ ಕಾಗದದ ಲೋಟಗಳನ್ನು ಹೆಕ್ಕುತ್ತಿದ್ದಾಗ ದೊಡ್ಡಕ್ಕ ಬಂದು ಪಕ್ಕದಲ್ಲಿ ನಿಂತಳು. ಅವಳೂ ಬಗ್ಗಿ ಎರಡು ಲೋಟ ಹೆಕ್ಕಿದಳು. ಹುಡುಗಿ ಎಲ್ಲಿದ್ದಾಳೆ ಎಂದು ಕೇಳಿದಳು.

"ಹೇಳಲ್ಲ," ಎಂದಳು ಟೀಚರ್.

"ನನಗೂ?"

"ನಿನಗೂ. ಇವತ್ತು ನೀನು ಮಾಡಿದ್ದು ಒಳ್ಳೇದೇ. ಆದ್ರೂ ಹೇಳಲ್ಲ."

ವಿಡಿಯೋ ತೆಗೆಸಿಹಾಕಿದ್ದೇನೆ ಎಂದಳು ದೊಡ್ಡಕ್ಕ, ಎಲ್ಲ ಕಡೆಯಿಂದಲೂ ಅಳಿಸಿಬಿಟ್ಟಿದ್ದೇನೆ. ಟೀಚರ್ ಲೋಟದ ರಾಶಿಯನ್ನು ಚೀಲಕ್ಕೆ ತುರುಕಿದಳು. ಅವನ ಫೋನಿನಿಂದ ಅಳಿಸಿದೆಯಾ ಎಂದು ಕೇಳಿದಳು. ಅವನು ಕಳಿಸಿದವರ ಫೋನಿನಿಂದ? ಪಾಲುದಾರನ ಫೋನಿನಿಂದ? ದೊಡ್ಡಕ್ಕ ಕೈಯಲ್ಲಿದ್ದ ಲೋಟಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದ ಹಾಗೇ ನಿಂತಿದ್ದಳು. ಟೀಚರ್ ಚೀಲ ಎತ್ತಿಕೊಂಡು ಹೊರಟಳು.

ಮಿಡತೆ ಪರೀಕ್ಷೆ ಬರೆದಳು. ಟೀಚರ್ ಪ್ರತಿ ದಿನವೂ ಬಾಗಿಲಲ್ಲಿ ಕಾವಲು ನಿಂತಳು, ಜೊತೆಗೆ ತಾಯಿಯೂ. ಗಣಿತ ಬಿಟ್ಟು ಎಲ್ಲ ಚೆನ್ನಾಗಿ ಬರೆದಿದ್ದೇನೆ ಎಂದಳು ಹುಡುಗಿ. ತಾಯಿಗೆ ಆ ಊರಿನ ಆಸ್ಪತ್ರೆಯಲ್ಲೇ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ತರಬೇತಿ ಶಾಲೆಯ ಆಯ್ಕೆ ಮುಂದಿನ ವರ್ಷ ಮತ್ತೆ ಇದೆ. ಆದರೆ ಅಲ್ಲಿಗೆ ಹೋಗಬೇಕಾದರೆ ಊರೂರು ಮೈದಾನಗಳಲ್ಲಿ ಓಡಬೇಕು. ಪ್ರತಿ ಮೈದಾನದ ಬೇಲಿಯಾಚೆ ಯಾರಾದರೂ ಒಬ್ಬ ಫೋನು ಹಿಡಿದು ನಿಂತಿರುತ್ತಾನೆ, ಅದರಲ್ಲಿ ಯಾರು ಯಾರಿಗೆ ಕಳಿಸುತ್ತಾರೆ ಎಂದು ಯಾರು ಕಂಡರು.

ಹಾಗಾಗಿ ಟೀಚರ್ ರಜೆ ಹಾಕಿ ಬಂದು ನಾದಿನಿಯ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಕ್ವಾರ್ಟರ್ಸಿನ ಹಿಂದಿನ ರಸ್ತೆಯಲ್ಲಿ, ಬಟ್ಟೆ ಒಣಹಾಕುವ ತಂತಿಗಳ ಪಕ್ಕದಲ್ಲಿ, ಆ ಎಡಗೈಯಿಂದ ಗುರುತು ಸಿಗದ ಹಾಗೆ ಮಿಡತೆಗೆ ಹೊಸದಾಗಿ ಓಡುವುದನ್ನು ಕಲಿಸಲು ಶುರು ಮಾಡಿದಳು. ಎಡಗೈ ಬಿಡು. ಇನ್ನೂ ಬಿಡು. ಮೊಣಕೈ ನೋಯುತ್ತಿತ್ತು, ಹುಡುಗಿ ತುಟಿ ಕಚ್ಚುತ್ತಿದ್ದಳು. ಕೈ ಬಿಟ್ಟರೆ ತೂಕ ತಪ್ಪುತ್ತಿತ್ತು, ತೂಕ ತಪ್ಪಿದರೆ ಹೆಜ್ಜೆ ಸಣ್ಣದಾಗುತ್ತಿತ್ತು. ಎಂದೂ ತಿದ್ದಬಾರದು ಎಂದು ತಾನೇ ಹೇಳಿದ್ದ ಆ ಕೈಯನ್ನು ಟೀಚರ್ ದಿನವೂ ತಿದ್ದುತ್ತಿದ್ದಳು, ದಿನವೂ ಹುಡುಗಿಯ ಓಟ ನಿಧಾನವಾಗುತ್ತಿತ್ತು. ಅವನು ಒಂದು ಸಲ ಮುರಿದದ್ದನ್ನು ನಾನು ಇನ್ನೊಂದು ಸಲ ಮುರಿಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸದ ದಿನವಿರಲಿಲ್ಲ. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಪೀಪಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಊದುತ್ತಿದ್ದಳು. ಅಕ್ಕಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಒಂದು ದಿನ ರಸ್ತೆಯ ಆ ತುದಿಯಿಂದ ಓಡಿ ಬಂದು ಮಿಡತೆ ಅವಳ ಮುಂದೆ ನಿಂತಳು. ಏದುಸಿರು ಬಿಡುತ್ತಿದ್ದಳು. ಎಡಗೈ ಬದಿಯಲ್ಲಿ ಬೇರೆ ಯಾರದೋ ಕೈಯ ಹಾಗೆ ಜೋತು ಬಿದ್ದಿತ್ತು.

"ಗಿಣಿ ನನ್ನ ಹಾಗೆ ಓಡಿದಳು," ಎಂದಳು. "ನಾನೀಗ ಯಾರ ಹಾಗೆ ಓಡ್ತಿದೀನಿ ಟೀಚರ್?"

ಟೀಚರ್ ಪೀಪಿಯನ್ನು ಬಾಯಿಗಿಟ್ಟುಕೊಂಡಳು. ಅದನ್ನು ಊದುವುದಕ್ಕೆ ಅವಳಿಗೆ ಉಸಿರು ಬರಲಿಲ್ಲ.